ಆಫರ್ ಲೆಟರಿನ ಕೊನೆಯ ಪುಟ

ಸಿಇಟಿ ಕೌನ್ಸೆಲಿಂಗ್ ಶುರುವಾಗುವ ಹೊತ್ತಿಗೆ ಕನ್ನಡ ಪತ್ರಿಕೆಗಳ ಮೊದಲ ಪುಟವನ್ನೇ ಮುಚ್ಚುವಂಥ ಜಾಹೀರಾತುಗಳು ಬರುತ್ತವೆ. ಕೋಟು ತೊಟ್ಟ ಹುಡುಗ, ಪಕ್ಕದಲ್ಲಿ ಕೈಕಟ್ಟಿ ನಿಂತ ಹುಡುಗಿ, ಹಿಂದೆ ಗಾಜಿನ ಕಟ್ಟಡ, ಕೆಳಗೆ ‘ಅತ್ಯಧಿಕ ಪ್ಯಾಕೇಜ್’ ಎಂದು ಲಕ್ಷಗಳಲ್ಲಿ ಒಂದು ಅಂಕಿ. ಕಾಲೇಜಿನ ಹೆಸರಿಗಿಂತ ಅಂಕಿಯೇ ದಪ್ಪ. ಅದೇ ಅಂಕಿ ಹೆದ್ದಾರಿಯ ಫ್ಲೆಕ್ಸಿಗೆ ಏರುತ್ತದೆ, ಸಿಟಿ ಬಸ್ಸಿನ ಬೆನ್ನಿಗೆ ಅಂಟುತ್ತದೆ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೂರುತ್ತದೆ. ‘ನಿಮ್ಮ ಹುಡುಗನಿಗೆ ಎಷ್ಟರ ಪ್ಯಾಕೇಜು?’ ಎಂದು ಬೀಗರು ಕೇಳಿದರೆ ಉತ್ತರ ವರ್ಷದ ಲೆಕ್ಕದಲ್ಲೇ ಬರಬೇಕು. ತಿಂಗಳಿಗೆ ಎಷ್ಟು ಕೈಗೆ ಬರುತ್ತದೆ ಎಂದು ಕೇಳುವುದು ಅಸಭ್ಯತೆ ಎನ್ನಿಸಿಕೊಳ್ಳುತ್ತದೆ.

ಈ ಅಂಕಿಯ ಮೂಲ ಒಂದು ಬರಹ: ಆಫರ್ ಲೆಟರು, ಅದರಲ್ಲೂ ಅದರ ಕೊನೆಯ ಪುಟದಲ್ಲಿರುವ ಸಂಬಳದ ಅನುಬಂಧ. ನಮ್ಮ ಕಾಲದಲ್ಲಿ ಇಷ್ಟು ಮನೆಗಳು ಭಕ್ತಿಯಿಂದ ಓದುವ, ಫೋಟೋ ತೆಗೆದು ಹಂಚುವ, ಕೆಲವರು ದೇವರ ಮುಂದಿಟ್ಟು ಕುಂಕುಮ ಹಚ್ಚುವ ಬರಹ ಇನ್ನೊಂದಿಲ್ಲ. ವಿಮರ್ಶೆ ಮಾತ್ರ ಅದರ ಹತ್ತಿರ ಸುಳಿದಿಲ್ಲ. ಅರ್ಥಶಾಸ್ತ್ರಜ್ಞರು ಅಂಕಿ ಚಿಕ್ಕದು ಎಂದರು, ಉದ್ಯಮದವರು ಅಷ್ಟೇ ಸಾಕು ಎಂದರು. ಇಬ್ಬರೂ ಅಂಕಿಯನ್ನು ನಿಜವೆಂದೇ ಹಿಡಿದು ಜಗಳವಾಡಿದರು. ನನ್ನ ತಕರಾರು ಬೇರೆ. ಈ ಬರಹದ ಕೀರ್ತಿ ಅತಿಯಾಗಿ ಉಬ್ಬಿದೆ. ಉಬ್ಬಿರುವುದು ಅಂಕಿ ದೊಡ್ಡದೆಂಬ ಕಾರಣಕ್ಕಲ್ಲ. ಅದು ಮಾತು ಕೊಡುವ ಹಾಗೆ ಕಾಣುತ್ತಾ, ನಷ್ಟದ ಭಯವನ್ನೆಲ್ಲ ಇಪ್ಪತ್ತೆರಡು ವರ್ಷದವನ ತಲೆಗೆ ಕಟ್ಟುವ ಕೌಶಲದಿಂದ.

ಐಟಿ ಬಂದದ್ದು, ಊರೂರಿಗೆ ಎಂಜಿನಿಯರಿಂಗ್ ಕಾಲೇಜು ಹುಟ್ಟಿದ್ದು, ಬೆಂಗಳೂರು ಬೀಗಿದ್ದು ಇವೆಲ್ಲ ಓದುಗರಿಗೆ ಬಾಯಿಪಾಠ. ನೆನಪಿಗೆ ಒಂದೇ ಸಂಗತಿ ಸಾಕು. 2010ರ ಆಸುಪಾಸಿನಲ್ಲಿ ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳು ಹೊಸಬರಿಗೆ ಬರೆದುಕೊಡುತ್ತಿದ್ದುದು ವರ್ಷಕ್ಕೆ ಮೂರು, ಮೂರೂಕಾಲು ಲಕ್ಷ. ಇತ್ತೀಚಿನ ವರ್ಷಗಳಲ್ಲಿ ಟಿಸಿಎಸ್‌ನ ‘ನಿಂಜಾ’ ಹುದ್ದೆಗೆ 3.36 ಲಕ್ಷ, ವಿಪ್ರೋದಲ್ಲಿ 3.5 ಲಕ್ಷ, ಇನ್ಫೋಸಿಸ್‌ನಲ್ಲಿ 3.6 ಲಕ್ಷ. ಈ ನಡುವೆ ದೇಶದ ಚಿಲ್ಲರೆ ಬೆಲೆಗಳ ಮಟ್ಟ ಎರಡು ಪಟ್ಟು ಮೀರಿತು. ಕೋಡಿಂಗ್ ಪರೀಕ್ಷೆಯಲ್ಲಿ ಮಿಂಚಿದ ಕೆಲವರಿಗೆ ಆರು, ಒಂಬತ್ತು, ಈಚೆಗೆ ಅದಕ್ಕೂ ಹೆಚ್ಚಿನ ಪ್ರತ್ಯೇಕ ಶ್ರೇಣಿಗಳಿವೆ, ನಿಜ. ಫ್ಲೆಕ್ಸಿಗೆ ಏರುವುದು ಅವೇ. ನಾನು ಮಾತಾಡುತ್ತಿರುವುದು ಫ್ಲೆಕ್ಸಿಗೆ ಏರದವರ ಪತ್ರದ ಬಗ್ಗೆ.

ಕೃತಿಯನ್ನು ಕೃತಿಯಾಗಿಯೇ, ಸಾಲುಸಾಲಾಗಿ ಓದಬೇಕೆಂದು ನಮ್ಮ ನವ್ಯ ವಿಮರ್ಶಕರು ಒಂದು ತಲೆಮಾರಿಗೆ ಕಲಿಸಿದರು. ಆ ಶಿಸ್ತನ್ನು ಕವಿತೆಗಷ್ಟೇ ಮೀಸಲಿಡಬೇಕಿಲ್ಲ. ಲೆಕ್ಕಕ್ಕಾಗಿ ಒಂದು ಮಾದರಿ ಅನುಬಂಧವನ್ನು ಜೋಡಿಸುತ್ತೇನೆ. ಇದು ಯಾವ ಕಂಪನಿಯದ್ದೂ ಅಲ್ಲ, ಆದರೆ ಇದರಲ್ಲಿರುವ ಸಾಲುಗಳೆಲ್ಲ ಚಾಲ್ತಿಯಲ್ಲಿರುವಂಥವೇ. ಒಟ್ಟು ಸಿಟಿಸಿ, ಅಂದರೆ ಒಬ್ಬ ಉದ್ಯೋಗಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು, ವರ್ಷಕ್ಕೆ 3,60,000. ಬೇಸಿಕ್ 1,80,000. ಮನೆ ಬಾಡಿಗೆ ಭತ್ಯೆ 72,000. ಸ್ಪೆಷಲ್ ಅಲೊವೆನ್ಸ್ 35,746. ಕಂಪನಿಯ ಪಾಲಿನ ಪಿಎಫ್ 21,600. ಗ್ರಾಚ್ಯುಟಿ 8,654. ಗುಂಪು ವಿಮೆಯ ಪ್ರೀಮಿಯಂ 6,000. ವೇರಿಯಬಲ್ ಪೇ 36,000. ಕೂಡಿದರೆ ಸರಿಯಾಗಿ 3,60,000. ಲೆಕ್ಕದಲ್ಲಿ ಒಂದು ರೂಪಾಯಿಯೂ ಸುಳ್ಳಿಲ್ಲ; ಈ ಬರಹದ ನಿಜವಾದ ಹೆಚ್ಚುಗಾರಿಕೆ ಇಲ್ಲೇ ಇರುವುದು.

ಸುದ್ದಿ ತಿಳಿದ ರಾತ್ರಿ ಅಪ್ಪ ಮನಸ್ಸಿನಲ್ಲೇ ಹನ್ನೆರಡರಿಂದ ಭಾಗಿಸುತ್ತಾನೆ: ತಿಂಗಳಿಗೆ ಮೂವತ್ತು ಸಾವಿರ. ಮೊದಲ ತಿಂಗಳ ಕೊನೆಗೆ ಬ್ಯಾಂಕಿನಿಂದ ಬರುವ ಮೆಸೇಜು ಬೇರೆ ಹೇಳುತ್ತದೆ. ಬೇಸಿಕ್ 15,000, ಬಾಡಿಗೆ ಭತ್ಯೆ 6,000, ಸ್ಪೆಷಲ್ 2,979 ಸೇರಿ 23,979. ಅದರಿಂದ ಉದ್ಯೋಗಿಯ ಪಾಲಿನ ಪಿಎಫ್ 1,800 ಕಳೆದರೆ 22,179. ಕರ್ನಾಟಕದ ವೃತ್ತಿ ತೆರಿಗೆ ಇವನಿಗಿಲ್ಲ, ಏಕೆಂದರೆ ತಿಂಗಳ ಸಂಬಳ 25,000 ಮುಟ್ಟದವರನ್ನು ಸರ್ಕಾರವೇ ಬಿಟ್ಟುಬಿಟ್ಟಿದೆ. ಫ್ಲೆಕ್ಸು ಶ್ರೀಮಂತನೆಂದು ಸಾರಿದವನನ್ನು ಕಂಡು ಸರ್ಕಾರ ಕನಿಕರಪಟ್ಟಿದೆ ಎನ್ನಿ. ಮೂವತ್ತಕ್ಕೂ ಇಪ್ಪತ್ತೆರಡಕ್ಕೂ ನಡುವಿನ ಆ ಎಂಟು ಸಾವಿರ ಎಲ್ಲಿ ಹೋಯಿತು ಎಂಬುದೇ ಈ ಕೃತಿಯ ಕಥಾವಸ್ತು.

ಮೊದಲು ಪಿಎಫ್. ಭವಿಷ್ಯನಿಧಿಗೆ ಕಂಪನಿ ಕಟ್ಟುವ ಹನ್ನೆರಡು ಶೇಕಡಾ ಕಾನೂನು ಹೊರಿಸಿದ ಹೊಣೆ, ಮಾಲೀಕನ ಉಡುಗೊರೆ ಅಲ್ಲ. ಆ ಹೊಣೆಯನ್ನು ನೆಪವಾಗಿಟ್ಟುಕೊಂಡು ಕೆಲಸಗಾರನ ಕೂಲಿಯನ್ನು ಇಳಿಸಕೂಡದು ಎಂದು 1952ರ ಕಾಯ್ದೆಯ 12ನೇ ಸೆಕ್ಷನ್ನು ಸ್ಪಷ್ಟವಾಗಿ ಹೇಳಿತು. ಕಾಯ್ದೆ ಬರೆದವರ ಕಣ್ಣ ಮುಂದಿದ್ದುದು ಆಗಲೇ ಕೂಲಿ ಪಡೆಯುತ್ತಿದ್ದ ಗಿರಣಿ ಕಾರ್ಮಿಕ. ಅವನ ಕೂಲಿ ಇಳಿದರೆ ಇಳಿದದ್ದು ಕಾಣುತ್ತದೆ, ದೂರು ಕೊಡಬಹುದು. ಅನುಬಂಧದ ಲೇಖಕ ಅವರಿಗಿಂತ ಜಾಣ. ಅವನು ಕೂಲಿಯನ್ನು ಇಳಿಸುವುದಿಲ್ಲ. ಕೂಲಿ ಇಷ್ಟೆಂದು ಗೊತ್ತಾಗುವ ಮೊದಲೇ, ಒಟ್ಟು ಮೊತ್ತದೊಳಗೆ ತನ್ನ ಹೊಣೆಯನ್ನು ಕೂರಿಸಿಬಿಡುತ್ತಾನೆ. ಹೀಗಾಗಿ ಹುಡುಗನ ಪಾಲಿನ 1,800, ಕಂಪನಿಯ ಪಾಲಿನ 1,800 ಎರಡೂ ಅದೇ 3,60,000ದಿಂದಲೇ ಹೊರಡುತ್ತವೆ. ದುಡ್ಡು ಕಳೆದುಹೋಗುವುದಿಲ್ಲ, ಬಡ್ಡಿ ಸಮೇತ ಒಂದು ದಿನ ಅವನಿಗೇ ಬರುತ್ತದೆ ಎಂದು ವಾದಿಸುವವರಿದ್ದಾರೆ. ಒಪ್ಪಿದೆ. ಆದರೆ ಯಾರ ಜೇಬಿನಿಂದ ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ಗ್ರಾಚ್ಯುಟಿಯ ಸಾಲಿನ ಮೇಲೆ ನಾನು ಇನ್ನಷ್ಟು ಹೊತ್ತು ನಿಲ್ಲಬೇಕು, ಏಕೆಂದರೆ ಈ ಪ್ರಕಾರದ ಕಲೆ ಶಿಖರ ಮುಟ್ಟುವುದು ಅಲ್ಲಿ. 1972ರ ಗ್ರಾಚ್ಯುಟಿ ಕಾಯ್ದೆ ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳ ಕೊಡಿ ಎಂದಿತು. ತಿಂಗಳಿಗೆ ಇಪ್ಪತ್ತಾರು ದಿನದ ಲೆಕ್ಕ ಹಿಡಿದರೆ ಹದಿನೈದು ಸಾವಿರ ಬೇಸಿಕ್ಕಿಗೆ ವರ್ಷಕ್ಕೆ 8,654 ರೂಪಾಯಿ. ಅನುಬಂಧದಲ್ಲಿ ನಿಂತಿರುವುದು ಪೈಸೆ ತಪ್ಪದ ಇದೇ ಮೊತ್ತ. ಆದರೆ ಸತತ ಐದು ವರ್ಷ ಸೇವೆ ಮುಗಿಸದವನಿಗೆ, ಸಾವು ಮತ್ತು ಅಂಗವೈಕಲ್ಯದ ಸಂದರ್ಭ ಬಿಟ್ಟು, ಗ್ರಾಚ್ಯುಟಿ ಇಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಲೋಕದಲ್ಲಿ ಮೊದಲ ಕಂಪನಿಯಲ್ಲೇ ಐದು ವರ್ಷ ಕಳೆಯುವ ಹೊಸಬರು ಎಷ್ಟು ಮಂದಿ? ಪತ್ರ ಬರೆಯುವ ಎಚ್‌ಆರ್‌ಗೆ ಅದು ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಕೆಲಸ ಬಿಟ್ಟವರ ಶೇಕಡಾವಾರನ್ನು ದೊಡ್ಡ ಐಟಿ ಕಂಪನಿಗಳು ಪ್ರತಿ ತ್ರೈಮಾಸಿಕ ಫಲಿತಾಂಶದ ಜೊತೆಗೇ ಪ್ರಕಟಿಸುತ್ತವೆ. ಅಂದರೆ ಹೆಚ್ಚಿನ ಓದುಗರಿಗೆ ಎಂದೂ ಸಿಗದ ಹಣವನ್ನು, ಸಿಗುವುದಿಲ್ಲವೆಂದು ತಿಳಿದೇ, ಅವರ ಸಂಬಳದ ಸಾಲಿನಲ್ಲಿ ಬರೆದು ಕೂಡಿಸಲಾಗಿದೆ. ಹುಡುಗ ಮೂರನೇ ವರ್ಷ ಬಿಟ್ಟುಹೋದರೆ ಮೂರು ವರ್ಷವೂ ಅವನ ಪ್ಯಾಕೇಜಿನ ಭಾಗವಾಗಿದ್ದ ಆ ಹಣ ಕಂಪನಿಯಲ್ಲೇ ಉಳಿಯುತ್ತದೆ. ಜಾತಕದಲ್ಲಿ ಬರೆದ ರಾಜಯೋಗವನ್ನು ಮನೆ ಖರ್ಚಿನ ಪುಸ್ತಕದ ಜಮೆ ಕಾಲಮ್ಮಿನಲ್ಲಿ ಬರೆದಂತೆ ಇದು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಇದೆಲ್ಲ ಸರಿಹೋಯಿತು ಎಂದು ಬರೆದವರಿದ್ದಾರೆ. ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಸಿಗುವಂತಾಯಿತು, ಒಳ್ಳೆಯದು. ಕಾಯಂ ನೌಕರನಿಗೆ ಐದು ವರ್ಷದ ಹೊಸ್ತಿಲು ಹಾಗೇ ಉಳಿಯಿತು. ಭತ್ಯೆಗಳು ಒಟ್ಟು ಸಂಭಾವನೆಯ ಅರ್ಧ ಮೀರಿದರೆ ಮೀರಿದ್ದನ್ನು ವೇತನಕ್ಕೇ ಸೇರಿಸಬೇಕೆಂಬ ನಿಯಮವೂ ಒಳ್ಳೆಯದೇ. ಬೇಸಿಕ್ಕನ್ನು ಕುಗ್ಗಿಸಿ ಭತ್ಯೆಗಳನ್ನು ಊದಿಸುವ ಹಳೆಯ ಆಟಕ್ಕೆ ಇದರಿಂದ ಕಡಿವಾಣ ಬಿತ್ತು. ಆದರೆ ಸಂಹಿತೆ ಮಾತಾಡುವುದು ವೇತನದ ಬಗ್ಗೆ. ಸಿಟಿಸಿ ಎಂಬುದು ಕಂಪನಿ ತನ್ನ ಖರ್ಚಿಗೆ ತಾನೇ ಹಾಕಿಕೊಂಡ ಲೆಕ್ಕ. ಸಂಹಿತೆ ಅದನ್ನು ಮುಟ್ಟಿಲ್ಲ. ಪಿಎಫ್, ಗ್ರಾಚ್ಯುಟಿ ಹೆಚ್ಚಿದರೆ ಅದೇ 3,60,000ದೊಳಗೆ ಸಾಲುಗಳು ಜರುಗುತ್ತವೆ, ಅಷ್ಟೆ. ಮೊದಲ ಪುಟದ ದಪ್ಪಕ್ಷರ ಅಲುಗುವುದಿಲ್ಲ.

ವೇರಿಯಬಲ್ ಪೇಗೆ ಬಂದಾಗ ಲೇಖಕ ಶೈಲಿಯನ್ನೇ ಬದಲಿಸುತ್ತಾನೆ. ಪತ್ರದುದ್ದಕ್ಕೂ ಉದ್ಯೋಗಿಯ ಕರ್ತವ್ಯಗಳು ಕಟ್ಟುನಿಟ್ಟು: ಇಂಥ ದಿನ ಹಾಜರಾಗತಕ್ಕದ್ದು, ಎಲ್ಲಿಗೆ ವರ್ಗ ಮಾಡಿದರೂ ಹೋಗತಕ್ಕದ್ದು, ಯಾವ ಪಾಳಿಯಲ್ಲಾದರೂ ದುಡಿಯತಕ್ಕದ್ದು. ಈ 36,000ದ ಹತ್ತಿರ ಬಂದೊಡನೆ ಕಂಪನಿ ಮೆಲ್ಲಗೆ ಮಾತಾಡತೊಡಗುತ್ತದೆ. ಕಂಪನಿಯ ಸಾಧನೆ, ವಿಭಾಗದ ಸಾಧನೆ, ವ್ಯಕ್ತಿಯ ಸಾಧನೆ ನೋಡಿಕೊಂಡು, ಆಡಳಿತ ಮಂಡಳಿಯ ವಿವೇಚನೆಯಂತೆ, ಪಾವತಿಯ ದಿನ ಕೆಲಸದಲ್ಲಿದ್ದು ರಾಜೀನಾಮೆ ಕೊಟ್ಟಿರದವರಿಗೆ, ಗರಿಷ್ಠ ಇಷ್ಟು. ತರಬೇತಿಯಲ್ಲಿರುವವನಿಗೆ ಬಹಳ ಕಡೆ ಇದು ಅನ್ವಯಿಸುವುದೇ ಇಲ್ಲ. ‘ಗರಿಷ್ಠ’ ಎಂದು ಷರತ್ತಿನಲ್ಲಿ ಹೇಳಿದ ಮೊತ್ತವನ್ನು ಕೂಡುವಾಗ ‘ಖಚಿತ’ ಎಂದು ಕೂಡಿದ್ದಾನೆ. ಕಥೆಗಾರ ಹೀಗೆ ಮಾಡಿದ್ದರೆ ನಿರೂಪಕ ನಂಬಿಕೆಗೆ ಅರ್ಹನಲ್ಲ ಎಂದು ಎಂಎ ವಿದ್ಯಾರ್ಥಿಯೂ ಪತ್ತೆ ಹಚ್ಚುತ್ತಿದ್ದ. ಕಂಪನಿಯ ಲೆಟರ್‌ಹೆಡ್ ಮೇಲಿದೆ ಎಂಬ ಕಾರಣಕ್ಕೆ ಪ್ರಾಧ್ಯಾಪಕರೂ ಪತ್ತೆ ಹಚ್ಚುವುದಿಲ್ಲ.

ಇಷ್ಟಾದರೂ ಇದು ಕೆಲಸಕ್ಕೆ ಸೇರಿದವರ ಕಥೆ. ಸೇರುವ ದಿನಾಂಕವೇ ಈ ಪತ್ರದಲ್ಲಿ ಹಲವು ಸಲ ಬಿಟ್ಟ ಸ್ಥಳ. ‘ವ್ಯಾವಹಾರಿಕ ಅಗತ್ಯ ನೋಡಿಕೊಂಡು ಮುಂದೆ ತಿಳಿಸಲಾಗುವುದು’ ಎಂಬ ಅರ್ಥದ ವಾಕ್ಯ ಅಲ್ಲಿರುತ್ತದೆ. ಇನ್ಫೋಸಿಸ್ 2022ರಲ್ಲಿ ಆಯ್ಕೆ ಮಾಡಿದ್ದ ಎಷ್ಟೋ ಮಂದಿ ಮೈಸೂರಿನ ಕ್ಯಾಂಪಸ್ಸಿಗೆ ಕಾಲಿಟ್ಟದ್ದು 2024ರ ಕೊನೆಯ ಭಾಗದಲ್ಲಿ. 2025ರ ಫೆಬ್ರವರಿಯಲ್ಲಿ ಅವರ ಪೈಕಿ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು, ಮೂರು ಅವಕಾಶದಲ್ಲೂ ಆಂತರಿಕ ಪರೀಕ್ಷೆ ಪಾಸಾಗಲಿಲ್ಲವೆಂದು ಮನೆಗೆ ಕಳಿಸಲಾಯಿತು. ರಾಜ್ಯದ ಕಾರ್ಮಿಕ ಇಲಾಖೆಯವರು ವಿಚಾರಣೆಗೆ ಹೋದರು. ಕಂಪನಿ ಕೊಟ್ಟ ಸಮರ್ಥನೆ ವಿಮರ್ಶಕನಿಗೆ ರಸವತ್ತಾದದ್ದು: ಈ ಷರತ್ತು ಅವರ ಕರಾರಿನಲ್ಲೇ ಇದೆ. ಇತ್ತು, ಖಂಡಿತ ಇತ್ತು. ಪತ್ರದಲ್ಲಿ ಎಲ್ಲವೂ ಇರುತ್ತದೆ. ಅಕ್ಷರದ ಗಾತ್ರ ಮಾತ್ರ ಎಲ್ಲದಕ್ಕೂ ಒಂದೇ ಇರುವುದಿಲ್ಲ.

ವಿಪ್ರೋದ ಪ್ರಕರಣ ಇನ್ನೂ ಬೋಧಪ್ರದ. 2023ರ ಫೆಬ್ರವರಿಯಲ್ಲಿ, ವರ್ಷಕ್ಕೆ 6.5 ಲಕ್ಷವೆಂದು ಆಯ್ಕೆಯಾಗಿ ತರಬೇತಿ ಮುಗಿಸಿ ಕಾಯುತ್ತಿದ್ದವರಿಗೆ ಒಂದು ಮೇಲ್ ಹೋಯಿತು: 3.5 ಲಕ್ಷಕ್ಕೆ ಒಪ್ಪುವುದಾದರೆ ಬೇಗ ಸೇರಿಕೊಳ್ಳಬಹುದು. ಆರೂವರೆ ಎಂಬುದು ಕೂಡ ಲಿಖಿತ ಮಾತೇ ಆಗಿತ್ತು. ಅದೇ ಹುಡುಗ ಬಾಂಡಿಗೆ ಸಹಿ ಹಾಕಿ ಅವಧಿಗೆ ಮುನ್ನ ಬಿಟ್ಟರೆ ಏನಾಗುತ್ತದೆ? ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರ ಮೊಕದ್ದಮೆಯಲ್ಲಿ 2025ರ ಮೇ ತಿಂಗಳು ಸುಪ್ರೀಂ ಕೋರ್ಟು, ಮೂರು ವರ್ಷ ದುಡಿಯದೆ ಹೋದರೆ ಎರಡು ಲಕ್ಷ ಕಟ್ಟಬೇಕೆಂಬ ಬಾಂಡನ್ನು ಎತ್ತಿಹಿಡಿಯಿತು. ಅಲ್ಲಿ ಬ್ಯಾಂಕು ಸಾರ್ವಜನಿಕ ವಲಯದ್ದು, ಅಧಿಕಾರಿ ಅನುಭವಸ್ಥರು. ಹೊಸಬರ ಪ್ರಕರಣಕ್ಕೆ ಅದನ್ನು ನೇರವಾಗಿ ಅಂಟಿಸಬೇಕಿಲ್ಲ. ಆದರೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಉದ್ಯೋಗಿ ಮಾತು ಮುರಿದರೆ ತೆರಬೇಕಾದ ಬೆಲೆ ರೂಪಾಯಿಯಲ್ಲಿ ಬರೆದಿರುತ್ತದೆ. ಕಂಪನಿ ಮುರಿದರೆ ತೆರಬೇಕಾದ ಬೆಲೆಗೆ ಅನುಬಂಧದಲ್ಲಿ ಸಾಲೇ ಇಲ್ಲ.

ಇನ್ನು ಇದರ ವ್ಯಾಖ್ಯಾನಕಾರರು. ಹೊಸಬರ ಸಂಬಳ ಏರದೆ ಇರುವುದಕ್ಕೆ ಹೊಸಬರೇ ಕಾರಣ ಎನ್ನುವ ಒಂದು ದೊಡ್ಡ ಪಂಥವಿದೆ. ಇವರ ಆಕರಗ್ರಂಥ ‘ಉದ್ಯೋಗಾರ್ಹತೆ’ಯ ವರದಿಗಳು. ಆಸ್ಪೈರಿಂಗ್ ಮೈಂಡ್ಸ್ ಸಂಸ್ಥೆಯ 2019ರ ವರದಿ ನಮ್ಮ ಎಂಜಿನಿಯರುಗಳಲ್ಲಿ ಶೇಕಡಾ 80ರಷ್ಟು ಮಂದಿ ಜ್ಞಾನಾಧಾರಿತ ಕೆಲಸಕ್ಕೆ ಲಾಯಕ್ಕಿಲ್ಲವೆಂದಿತು. ಅಂದಿನಿಂದ ಪ್ರತಿ ಘಟಿಕೋತ್ಸವ ಭಾಷಣಕಾರನ ಬಾಯಲ್ಲೂ ಆ ಅಂಕಿ. ಆ ಸಂಸ್ಥೆಯ ಮುಖ್ಯ ಸರಕು ಉದ್ಯೋಗಾರ್ಹತೆ ಅಳೆಯುವ ಪರೀಕ್ಷೆಯೇ ಎಂಬುದನ್ನು ಭಾಷಣಕಾರರು ಹೇಳುವುದಿಲ್ಲ. ಅದಿರಲಿ, ವರದಿ ಅಕ್ಷರಶಃ ನಿಜವೆಂದೇ ಹಿಡಿಯೋಣ. 2021-22ರ ಆರ್ಥಿಕ ವರ್ಷದಲ್ಲಿ ಟಿಸಿಎಸ್ ಸುಮಾರು ಒಂದು ಲಕ್ಷ, ಇನ್ಫೋಸಿಸ್ ಸುಮಾರು 85 ಸಾವಿರ ಹೊಸಬರನ್ನು ತೆಗೆದುಕೊಂಡವು. ಕೆಲಸ ಬಿಡುವವರ ಪ್ರಮಾಣ ಇನ್ಫೋಸಿಸ್‌ನಲ್ಲಿ ಶೇಕಡಾ 27 ದಾಟಿತ್ತು. ಮೂರು ನಾಲ್ಕು ವರ್ಷ ಅನುಭವವಿದ್ದವರು ಕಂಪನಿಯಿಂದ ಕಂಪನಿಗೆ ಹಾರಿ ಸಂಬಳವನ್ನು ಒಂದೂವರೆ, ಎರಡು ಪಟ್ಟು ಮಾಡಿಕೊಳ್ಳುತ್ತಿದ್ದ ಕಾಲ ಅದು. ಲಾಯಕ್ಕಿಲ್ಲದವರನ್ನು ಲಕ್ಷಗಟ್ಟಲೆ ಕರೆದುಕೊಂಡರೇ? ಕರೆದುಕೊಂಡದ್ದು ಬೇಡಿಕೆ ಇತ್ತೆಂದಾದರೆ, ಅನುಭವಿಗಳ ಬೆಲೆ ಗಗನಕ್ಕೇರಿದ ವರ್ಷವೂ ಹೊಸಬರ ಬೆಲೆ ಮೂರೂವರೆಯ ಸುತ್ತಲೇ ಗಿರಕಿ ಹೊಡೆದದ್ದು ಏಕೆ? ಅರ್ಹತೆಯ ಪಂಥದವರ ಬಳಿ ಇದಕ್ಕೆ ಉತ್ತರವಿಲ್ಲ.

ಇನ್ಫೋಸಿಸ್‌ನ ಹಣಕಾಸು ಮುಖ್ಯಸ್ಥರಾಗಿದ್ದ ಟಿ.ವಿ. ಮೋಹನದಾಸ್ ಪೈ ಬೇರೆ ಉತ್ತರ ಕೊಟ್ಟರು. ದೊಡ್ಡ ಕಂಪನಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಹೊಸಬರ ಸಂಬಳವನ್ನು ಕೆಳಗಿಟ್ಟಿವೆ ಎಂದು 2017ರಲ್ಲಿ ಬಹಿರಂಗವಾಗಿಯೇ ಆಪಾದಿಸಿದರು. ಒಳಗಿದ್ದವರೊಬ್ಬರು ಹೀಗೆ ಹೇಳಿದ್ದು ಸಣ್ಣ ಸಂಗತಿಯಲ್ಲ, ಅದರ ಧೈರ್ಯಕ್ಕೆ ನಮಸ್ಕಾರ. ಆದರೂ ನನಗೆ ಈ ವ್ಯಾಖ್ಯಾನ ಸಾಲದು. ಯಾವುದೋ ಪಂಚತಾರಾ ಹೋಟೆಲಿನಲ್ಲಿ ನಾಲ್ವರು ಕುಳಿತು ತೀರ್ಮಾನಿಸಿದರು ಎಂಬ ಚಿತ್ರ ಪತ್ತೇದಾರಿ ಕಾದಂಬರಿಗೆ ಒದಗುತ್ತದೆ, ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ಹಾಡಹಗಲು ನಡೆಯುವುದನ್ನು ಮರೆಮಾಡುತ್ತದೆ. ಪ್ಲೇಸ್‌ಮೆಂಟ್ ಸೆಲ್ಲಿನ ನಿಯಮಾವಳಿಯನ್ನು ಒಮ್ಮೆ ಓದಿ. ಅನೇಕ ಕಾಲೇಜುಗಳಲ್ಲಿ ಒಬ್ಬ ವಿದ್ಯಾರ್ಥಿಗೆ ಒಂದೇ ಆಫರು. ಸೆಪ್ಟೆಂಬರಿನಲ್ಲಿ ಬಂದ ಮೊದಲ ಕಂಪನಿ ಮೂರೂವರೆಗೆ ಆಯ್ಕೆ ಮಾಡಿತೆಂದರೆ, ನವೆಂಬರಿನಲ್ಲಿ ನಾಲ್ಕೂವರೆ ಕೊಡುವ ಕಂಪನಿ ಬಂದಾಗ ಆ ಹುಡುಗಿ ಹಾಲಿನ ಬಾಗಿಲು ದಾಟುವಂತಿಲ್ಲ. ಎಷ್ಟೋ ಹೆಚ್ಚು ಕೊಡುವ ‘ಡ್ರೀಮ್ ಕಂಪನಿ’ಗೆ ಮಾತ್ರ ರಿಯಾಯಿತಿ. ಆಫರು ಬಿಟ್ಟರೆ ಮುಂದಿನ ಡ್ರೈವುಗಳಿಂದಲೂ ಹೊರಗೆ. ಎಲ್ಲರಿಗೂ ಒಂದೊಂದು ಸಿಗಲಿ ಎಂಬುದು ಇದಕ್ಕೆ ಕೊಡುವ ಸಮರ್ಥನೆ, ಅದರಲ್ಲಿ ಒಂದಿಷ್ಟು ನ್ಯಾಯವೂ ಇದೆ. ಆದರೆ ಪರಿಣಾಮ ನೋಡಿ: ಎರಡನೆಯ ಗಿರಾಕಿಯ ಮುಖ ನೋಡಲು ಬಿಡದ ಸಂತೆಯಲ್ಲಿ ಬೆಲೆ ಏರುವುದು ಹೇಗೆ? ಕಂಪನಿಗಳು ಒಳಒಪ್ಪಂದ ಮಾಡಿಕೊಳ್ಳುವ ಶ್ರಮವನ್ನೇ ಕಾಲೇಜು ತಪ್ಪಿಸಿದೆ. ಪ್ರತಿಫಲವಾಗಿ ಅದಕ್ಕೆ ‘ಶೇಕಡಾ 95 ಪ್ಲೇಸ್‌ಮೆಂಟ್’ ಎಂದು ಫ್ಲೆಕ್ಸಿಗೆ ಹಾಕುವ ಇನ್ನೊಂದು ಅಂಕಿ ಸಿಗುತ್ತದೆ. ಫೀಸು ಕೊಟ್ಟವರು ವಿದ್ಯಾರ್ಥಿಗಳು. ಕಾಲೇಜು ಕೆಲಸ ಮಾಡುತ್ತಿರುವುದು ಕಂಪನಿಗೆ. ಪೈಯವರನ್ನು ಉಲ್ಲೇಖಿಸಿ ಐಟಿ ಕಂಪನಿಗಳನ್ನು ಬೈಯುವ ನಮ್ಮ ಅಂಕಣಕಾರರು ಈ ಕಾಲೇಜುಗಳ ಆಡಳಿತ ಮಂಡಳಿಗಳ ಹತ್ತಿರ ಬಂದಾಗ ಏಕೆ ಮೌನವಾಗುತ್ತಾರೋ, ಮೊದಲ ಪುಟದ ಜಾಹೀರಾತಿಗೂ ಆ ಮೌನಕ್ಕೂ ಸಂಬಂಧವಿದೆಯೋ ಇಲ್ಲವೋ, ಅವರೇ ಹೇಳಬೇಕು.

ಮೂರನೆಯ ಪಂಥ ನೀತಿಬೋಧಕರದು. ವಾರಕ್ಕೆ ಎಪ್ಪತ್ತು ಗಂಟೆ ದುಡಿಯಬೇಕೆಂದು ಎನ್.ಆರ್. ನಾರಾಯಣಮೂರ್ತಿ 2023ರಲ್ಲಿ ಹೇಳಿದ ಮೇಲೆ ಇವರಿಗೆ ಹುರುಪು ಬಂದಿದೆ. ಮೊದಲು ಕಲಿಯಿರಿ, ಸಂಬಳ ಆಮೇಲೆ ಎನ್ನುತ್ತಾರೆ. ಪಿಜಿಯ ಬಾಡಿಗೆ ಆಮೇಲೆ ಎನ್ನುವ ಓನರನ್ನು ಇವರು ಮಡಿವಾಳದಲ್ಲೋ ಮಾರತಹಳ್ಳಿಯಲ್ಲೋ ತೋರಿಸಿಕೊಟ್ಟರೆ ಚರ್ಚೆ ಮುಂದುವರಿಸೋಣ.

2024ರ ಆಗಸ್ಟಿನಲ್ಲಿ ಕಾಗ್ನಿಜೆಂಟ್ ಕಂಪನಿ 2.52 ಲಕ್ಷಕ್ಕೆ ಪದವೀಧರರನ್ನು ಕರೆದಾಗ ದೇಶವೇ ನಕ್ಕಿತು. ಅದು ಮೂರು ವರ್ಷದ ಪದವಿಯವರಿಗೆ, ಎಂಜಿನಿಯರುಗಳಿಗಲ್ಲ ಎಂದು ಕಂಪನಿ ವಿವರಣೆ ಕೊಟ್ಟಿತು. ಎಂಜಿನಿಯರುಗಳಿಗೆ ನಾಲ್ಕು ಲಕ್ಷದಿಂದ ಮೇಲೆ ಎಂದಿತು. ವಿವರಣೆ ಕೇಳಿ ನಗು ನಿಂತಿತು. ನನಗೆ ಆ ನಗುವಿಗಿಂತ ಅದು ನಿಂತ ರೀತಿ ಹೆಚ್ಚು ಬೇಸರ ತಂದಿತು. ಬಿಎಸ್ಸಿ, ಬಿಸಿಎ ಓದಿದವರಾದರೆ ತಿಂಗಳಿಗೆ ಇಪ್ಪತ್ತೊಂದು ಸಾವಿರದ ಸಿಟಿಸಿ ನಗುವ ವಿಷಯವಲ್ಲವೆಂದು ಎಲ್ಲರೂ ಸುಮ್ಮನೆ ಒಪ್ಪಿಬಿಟ್ಟರು. ಕಲಬುರಗಿಯ, ಹಾವೇರಿಯ, ಚಾಮರಾಜನಗರದ ಸರ್ಕಾರಿ ಪದವಿ ಕಾಲೇಜುಗಳಿಂದ ಬರುವವರ ಬೆಲೆ ಹೀಗೆ ಒಂದೇ ಸ್ಪಷ್ಟೀಕರಣದಲ್ಲಿ ಇತ್ಯರ್ಥವಾಯಿತು. ಅವರಿಗೆ ಫ್ಲೆಕ್ಸೂ ಇಲ್ಲ, ಎಷ್ಟೋ ಕಡೆ ಕ್ಯಾಂಪಸ್ ಡ್ರೈವೂ ಇಲ್ಲ. ಪಾಸಾಗಿ ಆರು ತಿಂಗಳು ಕೆಲಸ ಸಿಗದಿದ್ದರೆ ರಾಜ್ಯ ಸರ್ಕಾರದ ಯುವನಿಧಿಯಿಂದ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ.

ಈ ಬರಹದ ಗುಣಗಳನ್ನೂ ಹೇಳಬೇಕಲ್ಲ, ಹೇಳುತ್ತೇನೆ. ಇದು ಲಿಖಿತದಲ್ಲಿದೆ, ನಮ್ಮ ನಾಡಿನ ಬಹುಪಾಲು ದುಡಿಮೆಗೆ ಆ ಭಾಗ್ಯವಿಲ್ಲ. ಇದಕ್ಕೆ ಪಿಎಫ್ ಇದೆ, ವಿಮೆ ಇದೆ. ವಶೀಲಿ ಇಲ್ಲದ, ಇಂಗ್ಲಿಷ್ ತಡವರಿಸುವ, ಮನೆತನದಲ್ಲಿ ಮೊದಲ ಸಲ ಪದವಿ ಕಂಡ ಸಾವಿರಾರು ಮಕ್ಕಳನ್ನು ಒಂದು ಆನ್‌ಲೈನ್ ಪರೀಕ್ಷೆ, ಎರಡು ಸಂದರ್ಶನದಲ್ಲಿ ಬೆಂಗಳೂರಿನ ಒಳಗೆ ಕರೆದುಕೊಂಡದ್ದು ಇದೇ ವ್ಯವಸ್ಥೆ. ಅದನ್ನು ಅಲ್ಲಗಳೆದರೆ ಕೃತಘ್ನತೆ. ಆದರೆ ಉಪಕಾರ ಮಾಡಿದವನ ಲೆಕ್ಕವನ್ನು ಪರೀಕ್ಷಿಸಬಾರದೆಂಬ ನಿಯಮ ಎಲ್ಲೂ ಇಲ್ಲ.

ಹೋಲಿಕೆಗೆ ಯಾರೂ ಹೊಗಳದ ಇನ್ನೊಂದು ಬರಹವನ್ನು ತೆಗೆದುಕೊಳ್ಳಿ: ಸರ್ಕಾರಿ ವೇತನ ಶ್ರೇಣಿಯ ಆದೇಶ. ಕರ್ನಾಟಕದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದಾಗ ಅತ್ಯಂತ ಕೆಳಗಿನ ಹುದ್ದೆಯ ಮೂಲವೇತನ 17,000ದಿಂದ 27,000ಕ್ಕೆ ಏರಿತು. ಗದ್ಯ ಒಣಗಿದ್ದು, ಕೋಷ್ಟಕಗಳು ನೀರಸ. ಆದರೆ ಮೂಲವೇತನ ಎಂದರೆ ಮೂಲವೇತನ. ತುಟ್ಟಿಭತ್ಯೆ, ಬಾಡಿಗೆ ಭತ್ಯೆ ಅದರ ಮೇಲೆ ಬರುತ್ತವೆ, ಅದರೊಳಗಿಂದ ಹೊರಡುವುದಿಲ್ಲ. ಹತ್ತು ವರ್ಷದ ನಂತರ ಎಷ್ಟಿರುತ್ತದೆ ಎಂಬುದನ್ನು ಅದೇ ಕೋಷ್ಟಕದಲ್ಲಿ ಬೆರಳಿಟ್ಟು ಓದಬಹುದು. ಯಾರ ಸಂಬಳ ಎಷ್ಟೆಂದು ಯಾರು ಬೇಕಾದರೂ ನೋಡಬಹುದು. ಎಂಜಿನಿಯರಿಂಗ್ ಮುಗಿಸಿದವರು ಗ್ರೂಪ್ ‘ಡಿ’ ಹುದ್ದೆಗೆ ಅರ್ಜಿ ಹಾಕಿದರೆಂದು ಪತ್ರಿಕೆಗಳು ಆಗಾಗ ಅಚ್ಚರಿಯ ಸುದ್ದಿ ಬರೆಯುತ್ತವೆ. ಎರಡೂ ಕಾಗದಗಳನ್ನು ಓದಿದವರಿಗೆ ಅದರಲ್ಲಿ ಅಚ್ಚರಿಯೇನಿಲ್ಲ. ಆ ಹುಡುಗರು ನಮ್ಮ ಅಂಕಣಕಾರರಿಗಿಂತ ಒಳ್ಳೆಯ ಓದುಗರು.

‘ಅತ್ಯಧಿಕ’ ಎಂಬ ಅಂಕಿಯ ಗತಿ ದೊಡ್ಡವರಲ್ಲೂ ಇದೇ. 2024ರ ಜನವರಿಯಲ್ಲಿ ಐಐಟಿ ಬಾಂಬೆ ತನ್ನ 85 ವಿದ್ಯಾರ್ಥಿಗಳಿಗೆ ವರ್ಷಕ್ಕೆ ಕೋಟಿ ಮೀರಿದ ಆಫರ್ ಬಂದಿದೆ ಎಂದು ಹೇಳಿ, ಆಮೇಲೆ ಅದನ್ನು 22ಕ್ಕೆ ತಿದ್ದಿಕೊಂಡಿತು. ತಿದ್ದಿಕೊಂಡದ್ದು ಅದರ ದೊಡ್ಡತನ. ತಿದ್ದಿದ್ದಕ್ಕೆ ಮೊದಲ ಸುದ್ದಿಯಷ್ಟು ಜಾಗ ಸಿಗಲಿಲ್ಲ. ಹೆಚ್ಚಿನ ಕಾಲೇಜುಗಳಿಗೆ ತಿದ್ದಿಕೊಳ್ಳುವ ಪ್ರಸಂಗವೇ ಬರುವುದಿಲ್ಲ, ಏಕೆಂದರೆ ಕೇಳುವವರಿಲ್ಲ. ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. ಅದೇ ಕಣ್ಣು ಕಾಲೇಜುಗಳ ‘ಅತ್ಯಧಿಕ ಪ್ಯಾಕೇಜ್’ ಮೇಲೂ ಬೀಳಬೇಕು.

ಅದು ಬೀಳುವವರೆಗೆ ಕಾಯಬೇಕಿಲ್ಲ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ್‍ಯಾಂಕಿಂಗಿಗೆ ಅರ್ಜಿ ಹಾಕುವ ಪ್ರತಿ ಕಾಲೇಜೂ ಕೆಲಸ ಸಿಕ್ಕವರ ಮಧ್ಯಮ ಸಂಬಳವನ್ನು, ಅಂದರೆ ಅರ್ಧ ಮಂದಿಗೆ ಅದಕ್ಕಿಂತ ಹೆಚ್ಚು, ಅರ್ಧ ಮಂದಿಗೆ ಕಡಿಮೆ ಇರುವ ಅಂಕಿಯನ್ನು, ಕೊಡಬೇಕು. ಆ ಮಾಹಿತಿ ಸಾರ್ವಜನಿಕವಾಗಿ ಸಿಗುತ್ತದೆ. ಈ ವರ್ಷ ಮಗಳನ್ನೋ ಮಗನನ್ನೋ ಕರೆದುಕೊಂಡು ಸೀಟು ಆರಿಸಲು ಹೋಗುವ ಅಪ್ಪ ಅಮ್ಮಂದಿರು ಫ್ಲೆಕ್ಸಿನ ಅಂಕಿಯನ್ನು ಬಿಟ್ಟು ಆ ಅಂಕಿಯನ್ನು ನೋಡಲಿ. ಆಮೇಲೆ ಪ್ಲೇಸ್‌ಮೆಂಟ್ ಆಫೀಸರ ಎದುರು ಕುಳಿತು ಕೇಳಲಿ: ಹೋದ ವರ್ಷ ಆಫರು ಬಂದವರಲ್ಲಿ ನಿಜವಾಗಿ ಸೇರಿದವರು ಎಷ್ಟು, ಮೊದಲ ತಿಂಗಳು ಅವರ ಕೈಗೆ ಬಂದದ್ದು ಎಷ್ಟು, ಒಂದು ಆಫರು ಸಿಕ್ಕ ಮೇಲೆ ಇನ್ನೊಂದು ಕಂಪನಿಗೆ ಕೂರಲು ಬಿಡುತ್ತೀರಾ? ಉತ್ತರವನ್ನು ಬರವಣಿಗೆಯಲ್ಲಿ ಕೊಡದ ಕಾಲೇಜಿನ ಅರ್ಜಿ ಫಾರಂ ತುಂಬಬೇಡಿ.